ಆಯದ ಬಡಗಿ: ದುರಸ್ತಿಯ ಹೊಣೆ ಮತ್ತು ಕೈಹತಾರದ ದುಡಿಮೆ

ಹಳೆಯ ಮೈಸೂರು ಸೀಮೆಯ ಬಯಲು ಹಳ್ಳಿಗಳ ಬಡಗಿಯನ್ನು ಅವನು ಮಾಡಿಕೊಟ್ಟ ವಸ್ತುಗಳಿಂದ ಅಳೆಯುವುದು ವಾಡಿಕೆಯಾಗಿದ್ದರೂ, ಅವನ ದುಡಿಮೆಯ ನಡುಗಂಬವಾಗಿದ್ದುದು ಸವೆದುದನ್ನು ಸರಿಪಡಿಸುವ ಕೆಲಸ. ಇದಕ್ಕೆ ಕಾರಣ ಅವನ ಕೂಲಿಯ ಸ್ವರೂಪದಲ್ಲಿದೆ. ಹನ್ನೆರಡು ಆಯಗಾರರಲ್ಲಿ ಒಬ್ಬನೆಂದು ಎಣಿಸಲಾಗುತ್ತಿದ್ದ ಬಡಗಿಗೆ ರೈತರು ಕೆಲಸ ಕೆಲಸಕ್ಕೂ ಹಣ ಎಣಿಸದೆ, ಸುಗ್ಗಿಯ ಕಣದಲ್ಲಿ ಆಯವನ್ನು, ಅಂದರೆ ವರ್ಷದ ಸೇವೆಗೆಂದು ಗೊತ್ತುಮಾಡಿದ ಧಾನ್ಯದ ಪಾಲನ್ನು, ಅಳೆದು ಕೊಡುತ್ತಿದ್ದರು. 1800–01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಶಿಯಿಂದ ಗ್ರಾಮಸೇವಕರ ಪಾಲು ತೆಗೆಯುವ ಪದ್ಧತಿಯನ್ನು ದಾಖಲಿಸಿದ್ದಾನೆ. ನೇಗಿಲು, ಕುಂಟೆ, ಕೂರಿಗೆಗಳ ದುರಸ್ತಿ ಆಯದೊಳಗೆ ಸೇರುತ್ತಿತ್ತು. ಹೊಸ ಗಾಡಿಗೂ ಮನೆಯ ಮರಗೆಲಸಕ್ಕೂ ಸಾಮಾನ್ಯವಾಗಿ ಬೇರೆ ಕೂಲಿ ಇತ್ತು.

ಈ ಏರ್ಪಾಟಿನ ಪರಿಣಾಮವನ್ನು ವಿದ್ವಾಂಸರು ಹೆಚ್ಚಾಗಿ ಜಾತಿ ಮತ್ತು ಆಶ್ರಯಸಂಬಂಧದ ನೆಲೆಯಲ್ಲಿ ಚರ್ಚಿಸಿದ್ದಾರೆ. ಆದರೆ ಅದು ಕಸುಬಿನ ಒಳಗನ್ನೂ ರೂಪಿಸಿತೆಂಬುದು ಅಷ್ಟೇ ಗಮನಾರ್ಹ. ನೇಗಿಲಿನ ಮೇಳಿ, ಎಂದರೆ ಉಳುವವನು ಹಿಡಿಯುವ ಹಿಡಿಕೆ, ಪದೇ ಪದೇ ಮುರಿದರೆ ಬಡಗಿಯ ಹೊತ್ತು ಹಾಳಾಗುತ್ತಿತ್ತೇ ವಿನಾ ಅವನ ಪಾಲು ಹೆಚ್ಚುತ್ತಿರಲಿಲ್ಲ. ಆದ್ದರಿಂದ ಬಾಳಿಕೆ ಬರುವಂತೆ ಮಾಡುವುದು ಅವನದೇ ಹಿತವಾಗಿತ್ತು, ಮತ್ತು ಆ ಹಿತ ಮರದ ಆಯ್ಕೆಯಿಂದಲೇ ಮೊದಲಾಗುತ್ತಿತ್ತು. ಬಯಲುಸೀಮೆಯಲ್ಲಿ ಕೈಗೆಟಕುವ ಕರಿಜಾಲಿ ಗಟ್ಟಿಯೂ ಪೆಟ್ಟು ತಾಳುವಂಥದೂ ಆದುದರಿಂದ ನೇಗಿಲಿಗೂ ಗಾಲಿಗೂ ಒದಗುತ್ತಿತ್ತು. ಹಸಿಮರವನ್ನು ಕೆಲಕಾಲ ನೀರಿನಲ್ಲಿ ಮುಳುಗಿಸಿ, ಬಳಿಕ ನೆರಳಿನಲ್ಲಿ ಒಣಗಿಸಿದರೆ ಹುಳುವಿನ ಕಾಟ ಕಡಿಮೆಯಾಗುತ್ತದೆ.

ಈ ಹೊಣೆಗಾರಿಕೆ ಸೂಕ್ಷ್ಮವಾಗಿ ಕಾಣುವುದು ಎತ್ತಿನ ಗಾಡಿಯ ಗಾಲಿಯಲ್ಲಿ. ನಡುವಿನ ಗುಂಬಕ್ಕೆ ಅರೆಕಾಲುಗಳನ್ನು ಕೂರಿಸಿ, ಅವುಗಳ ಹೊರತುದಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸಿದ ಮೇಲೆ, ಆ ತುಂಡುಗಳ ನಡುವೆ ಬಡಗಿ ಬೇಕೆಂದೇ ಕೂದಲೆಳೆಯ ಸಂದು ಉಳಿಸುತ್ತಾನೆ. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಮಾಡಿದ ಕಬ್ಬಿಣದ ಹಳಿಯನ್ನು ಕಮ್ಮಾರ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ತೊಡಿಸಿ ನೀರೆರೆದೊಡನೆ ಕುಗ್ಗಿ, ಸಂದುಗಳನ್ನು ಮುಚ್ಚಿ, ಅರೆಕಾಲುಗಳನ್ನು ಗುಂಬದೊಳಕ್ಕೆ ಒತ್ತುತ್ತದೆ. ಸಂದು ಹೆಚ್ಚಾದರೆ ಗಾಲಿ ಸಡಿಲ, ಇಲ್ಲದೇ ಹೋದರೆ ಹಳಿಯ ಬಿಗಿತ ಕೀಲುಗಳಿಗೆ ತಲುಪುವುದೇ ಇಲ್ಲ. ಬರವಣಿಗೆಯ ಲೆಕ್ಕವಿಲ್ಲದೆ, ಮರದ ಒಣಗುವಿಕೆಯನ್ನೂ ಕಬ್ಬಿಣದ ಹಿಗ್ಗುವಿಕೆಯನ್ನೂ ಒಟ್ಟಿಗೆ ಅಂದಾಜು ಮಾಡುವ ಈ ತಿಳಿವನ್ನು ಬರಿಯ ಕೈಚಳಕವೆನ್ನುವುದು ಅನ್ಯಾಯ. ಬೇಸಗೆಯಲ್ಲಿ ಮರ ಕುಗ್ಗಿ ಹಳಿ ಸಡಿಲವಾದಾಗ ಅದೇ ಗಾಲಿ ಅದೇ ಕೈಗಳಿಗೆ ಮರಳುತ್ತಿತ್ತು.

ಹತಾರಗಳು ಕೆಲವೇ: ಕೆತ್ತಲು ಬಾಚಿ, ಕೊರೆಯಲು ಬೈರಿಗೆ, ತೂತು ಕಡಿಯಲು ಉಳಿ ಮತ್ತು ಕೊಡತಿ, ಜೊತೆಗೆ ಗರಗಸ, ಉಜ್ಜುಗೊರಡು. ನೆಲದ ಮೇಲೆ ಕುಳಿತು ಮರವನ್ನು ಪಾದದಿಂದ ಒತ್ತಿ ಹಿಡಿದು, ಬಾಚಿಯ ಬಾಯನ್ನು ತನ್ನತ್ತಲೇ ಇಳಿಸುವ ಭಂಗಿಯಲ್ಲಿ ದೇಹವೇ ಹಿಡಿತದ ಸಾಧನವಾಗುತ್ತದೆ. ಹೊಲದ ಬದುವಿನಲ್ಲೂ ದುರಸ್ತಿ ಸಾಧ್ಯವಾದದ್ದು ಇದರಿಂದಲೇ.

ಕಬ್ಬಿಣದ ನೇಗಿಲು, ರಬ್ಬರ್ ಟೈರಿನ ಗಾಡಿ, ಬಳಿಕ ಟ್ರ್ಯಾಕ್ಟರು ಬಂದಂತೆ ಆಯದ ಕೆಲಸ ಕರಗಿ, ಬಡಗಿ ಬಾಗಿಲು, ಕಿಟಕಿ, ಮಂಚಗಳ ನಗದು ಕೂಲಿಗೆ ಹೊರಳಿದ. ನಗದಿನಿಂದ ಅವನಿಗೆ ಮಾತಿನ ಬಲ ಬಂದದ್ದು ನಿಜ. ಆಯದಲ್ಲಿ ರಾಶಿಯ ಮುಂದೆ ಕಾದು ನಿಲ್ಲುವ ತಗ್ಗುವಿಕೆಯೂ ಇತ್ತೆಂಬುದನ್ನು ಮರೆಯಲಾಗದು. ಆದರೆ ಮಾರಿದ ವಸ್ತುವಿನ ಮುಂದಿನ ಬಾಳು ಅವನ ಹೊಣೆಯಿಂದ ಹೊರಗಾಯಿತು.

ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಂತಹ ಸಂಗ್ರಹಾಲಯಗಳಲ್ಲಿ ಬೇಸಾಯದ ಉಪಕರಣಗಳನ್ನು ಕಾಪಿಟ್ಟಿರುವುದು ದೊಡ್ಡ ಉಪಕಾರ. ಇಂತಹ ಸಂಗ್ರಹಗಳಲ್ಲಿ ವಸ್ತುವಿನ ಹೆಸರು, ಊರುಗಳ ಜೊತೆಗೆ ಯಾವ ಭಾಗ ಮೂಲದ್ದು, ಯಾವುದು ಬದಲಿ, ಬದಲಿಗೆ ಬಳಸಿದ ಮರ ಯಾವುದು, ಬಾಚಿಯ ಗುರುತುಗಳು ಎಷ್ಟು ಬಗೆಯವು ಎಂಬುದನ್ನೂ ಬರೆದಿಡುವುದು ಮುಂದಿನ ಸಂಶೋಧನೆಗೆ ಅಗತ್ಯ.