ಇನ್‌ಸ್ಟಾಲ್ ಮಾಡುವ ಮುನ್ನ: ಲೈವ್ ಸಿಡಿಯಿಂದ ಟ್ಯಾಬ್ಲೆಟ್‌ವರೆಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಭದ್ರತಾ ಚಿಪ್ ಇರಬೇಕು, ಇಂಟೆಲ್ ಯಂತ್ರವಾದರೆ ಹೆಚ್ಚೂಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಹೀಗೆ ಒಂದೇ ಏಟಿಗೆ ಹಳೆಯವಾದವು. ಬೇರೆ ಓಎಸ್ ಹಾಕಿ ನೋಡೋಣ ಎಂಬ ಮಾತು ಮತ್ತೆ ಕೇಳಿಬರತೊಡಗಿದೆ. ದಾರಿ ತೋರಿಸುವ ವಿಡಿಯೋಗಳಿಗೂ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಪೆನ್‌ಡ್ರೈವ್ ಹಾಕಿ, ಡೆಸ್ಕ್‌ಟಾಪ್ ಕಾಣಿಸಿ, ಮೆನು ತೆರೆದು, ಬಣ್ಣ ಬದಲಿಸಿ ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತವೆ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಂಡಿತೇ, ಮನೆಯ ಪ್ರಿಂಟರ್ ಮಾತು ಕೇಳಿತೇ, ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಲು ಆಯಿತೇ ಎಂದು ಯಾರೂ ಹೇಳುವುದಿಲ್ಲ.

ಹೊಸ ಓಎಸ್ ಒಂದನ್ನು ಪರೀಕ್ಷಿಸಿ ನೋಡುವುದು ಮೂವತ್ತು ವರ್ಷಗಳಲ್ಲಿ ಹಂತಹಂತವಾಗಿ ಬೆಳೆದ ವಿದ್ಯೆ. ಅದರ ಜಾಡು ಹಿಡಿದರೆ, ಲ್ಯಾಪ್‌ಟಾಪಿನಲ್ಲಿ ನಮಗೆ ದಕ್ಕಿದ್ದು ಟ್ಯಾಬ್ಲೆಟ್‌ನಲ್ಲಿ ಎಲ್ಲಿ ಕೈತಪ್ಪಿತು ಎಂಬುದು ಕಾಣುತ್ತದೆ.

ಆರಂಭದ ಕಥೆ ಚಿಕ್ಕದು. ಹಾರ್ಡ್‌ಡಿಸ್ಕ್ ಮುಟ್ಟದೆ ಸಿಡಿಯಿಂದಲೇ ನಡೆಯಬಲ್ಲ ಲಿನಕ್ಸ್ 1992ರಲ್ಲೇ ಇಗ್‌ಡ್ರಸಿಲ್ ಎಂಬ ಹೆಸರಿನಲ್ಲಿ ಬಂದಿತ್ತು. ಆಗಿನ ಸಿಡಿ ಡ್ರೈವ್‌ಗಳು ತೀರಾ ನಿಧಾನವಾಗಿದ್ದರಿಂದ ಅದು ಬಳಕೆಗೆ ಒದಗಲಿಲ್ಲ. ಭಾರತದಲ್ಲಿ 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಆದರೆ ಆ ಸಿಡಿಯನ್ನು ನೋಡಬೇಕೆಂದರೆ ಇನ್‌ಸ್ಟಾಲ್ ಮಾಡಲೇಬೇಕಿತ್ತು, ಅಂದರೆ ಪಾರ್ಟಿಷನ್ ಒಡೆಯಬೇಕಿತ್ತು. ಒಂದು ಸಂಖ್ಯೆ ತಪ್ಪಿದರೆ ಮನೆಮಂದಿಯ ಕಡತಗಳೆಲ್ಲ ಹೋದವು. ಕುತೂಹಲವಿದ್ದ ಎಷ್ಟೋ ಜನರನ್ನು ದೂರ ನಿಲ್ಲಿಸಿದ್ದು ಈ ಭಯವೇ.

ಆ ಭಯವನ್ನು ಕಳೆದವರು ಜರ್ಮನಿಯ ಕ್ಲಾಸ್ ನಾಪರ್. 2000ದಲ್ಲಿ ಅವರು ಬಿಡುಗಡೆ ಮಾಡಿದ ನಾಪಿಕ್ಸ್, ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು ಕುಗ್ಗಿಸಿ 700 ಎಂಬಿಯ ಸಿಡಿಯಲ್ಲಿಟ್ಟು, ಓದುವಾಗ ಬೇಕಾದಷ್ಟನ್ನೇ ಬಿಚ್ಚಿಕೊಳ್ಳುತ್ತಿತ್ತು. ಯಂತ್ರದಲ್ಲಿರುವ ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಪರದೆ ಎಲ್ಲವನ್ನೂ ತಾನೇ ಗುರುತಿಸುತ್ತಿತ್ತು. ಸಿಡಿ ತೆಗೆದು ಮರುಚಾಲನೆ ಮಾಡಿದರೆ ಹಳೆಯ ವಿಂಡೋಸ್ ಇದ್ದಂತೆಯೇ ಎದುರಾಗುತ್ತಿತ್ತು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ತಂದ ಪಪ್ಪಿ ಲಿನಕ್ಸ್ ಇಡಿಯಾಗಿ ರ್‍ಯಾಮ್‌ನಲ್ಲೇ ಕುಳಿತು ನಡೆಯಿತು. ಡ್ಯಾಮ್ ಸ್ಮಾಲ್ ಲಿನಕ್ಸ್ ಕೇವಲ 50 ಎಂಬಿಯಲ್ಲಿ ಮುಗಿಯಿತು. ಇಂದಿನ ಹೊಳೆಯುವ ವಿತರಣೆಗಳಿಗಿಂತ ಈ ಮೂರರ ಎಂಜಿನಿಯರಿಂಗ್ ದೊಡ್ಡದು, ಆ ಮನ್ನಣೆ ಅವಕ್ಕೆ ಸಂದಿಲ್ಲ.

2004ರ ಅಕ್ಟೋಬರ್‌ನಲ್ಲಿ ಉಬುಂಟು ಲಿನಕ್ಸ್‌ನ ಮೊದಲ ಆವೃತ್ತಿ 4.10 ಬಂತು. ಈ ಕ್ಷೇತ್ರದ ಸುವರ್ಣಕಾಲ ಶುರುವಾದದ್ದು ಅಲ್ಲಿಂದ. ಮಾರ್ಕ್ ಶಟಲ್‌ವರ್ತ್ ಅವರ ಕೆನಾನಿಕಲ್ ಸಂಸ್ಥೆ ಶಿಪ್‌ಇಟ್ ಯೋಜನೆಯಡಿ, ಕೇಳಿದವರ ಮನೆಗೆ ಅಂಚೆಯಲ್ಲಿ ಸಿಡಿ ಕಳಿಸುತ್ತಿತ್ತು, ಅಂಚೆ ವೆಚ್ಚವೂ ಅವರದೇ. ಡಯಲ್‌ಅಪ್ ಸಂಪರ್ಕದಲ್ಲಿ 700 ಎಂಬಿ ಇಳಿಸಿಕೊಳ್ಳುವುದು ಕನಸಾಗಿದ್ದ ದಿನಗಳಲ್ಲಿ ಸಣ್ಣ ಊರಿನ ವಿದ್ಯಾರ್ಥಿಗೆ ಇದರಿಂದ ಆದ ಉಪಕಾರ ದೊಡ್ಡದು. ಒಂದು ಸಿಡಿ ಇಡೀ ಹಾಸ್ಟೆಲ್ ಸುತ್ತುತ್ತಿತ್ತು. 2006ರ ಜೂನ್‌ನಲ್ಲಿ ಬಂದ 6.06 ಆವೃತ್ತಿಯಲ್ಲಿ ನಡೆಸಿ ನೋಡುವ ಲೈವ್ ಸಿಡಿ, ಇನ್‌ಸ್ಟಾಲ್ ಮಾಡುವ ಸಿಡಿ ಎರಡೂ ಒಂದಾದವು: ಮೊದಲು ಬಳಸಿ ನೋಡಿ, ಹಿಡಿಸಿದರೆ ಅಲ್ಲೇ ಇರುವ ಗುಂಡಿ ಒತ್ತಿ. ಇಂದು ಹೆಚ್ಚಿನ ಪ್ರಮುಖ ವಿತರಣೆಗಳು ಪಾಲಿಸುವ ಕ್ರಮ ಇದೇ. 2011ರಲ್ಲಿ ಶಿಪ್‌ಇಟ್ ನಿಂತಿತು. ಅಷ್ಟರಲ್ಲಿ ಪೆನ್‌ಡ್ರೈವ್ ಅಗ್ಗವಾಗಿತ್ತು, ಯುನೆಟ್‌ಬೂಟಿನ್, ರೂಫಸ್‌ನಂಥ ಸಲಕರಣೆಗಳು ಸಿಡಿಯ ಜಾಗ ಹಿಡಿದವು.

ಈ ಪೀಳಿಗೆಯ ಕನ್ನಡಿಗರಿಗೆ ಪರೀಕ್ಷೆಯ ಇನ್ನೊಂದು ಮುಖವೂ ಇತ್ತು. ಲೈವ್ ಸಿಡಿ ತೆರೆದ ಕೂಡಲೇ ಅವರು ಮಾಡುತ್ತಿದ್ದುದು ಯಾವುದಾದರೂ ಕನ್ನಡ ಪುಟ ತೆರೆದು ಅರ್ಕಾವತ್ತು, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನೋಡುವುದು. ಗ್ನೋಮ್ ಡೆಸ್ಕ್‌ಟಾಪಿನ ತಂತ್ರಾಂಶಗಳು ಪ್ಯಾಂಗೋ ಎಂಜಿನ್ ಮೂಲಕ ಅಕ್ಷರ ಜೋಡಿಸುತ್ತಿದ್ದವು, ಕೆಡಿಇ ಕ್ಯೂಟಿಯ ಮೂಲಕ, ಓಪನ್‌ಆಫೀಸ್ ಐಸಿಯು ಮೂಲಕ. ಹೀಗಾಗಿ ಕಡತದ ಹೆಸರಿನಲ್ಲಿ ಸರಿಯಿದ್ದ ಪದವೇ ಕಡತದೊಳಗೆ ಒಡೆದು ಕಾಣುವುದಿತ್ತು. ಮುಂದೆ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ಎಲ್ಲ ಕಡೆ ನೆಲೆಯಾದ ಮೇಲೆ ಈ ಗೋಳು ಬಹುಮಟ್ಟಿಗೆ ತಪ್ಪಿತು. ರೆಡ್‌ಹ್ಯಾಟ್ ಮುಕ್ತವಾಗಿ ಕೊಟ್ಟ ಲೋಹಿತ್ ಕನ್ನಡ ಅಕ್ಷರಶೈಲಿಯ ಋಣವನ್ನೂ ಇಲ್ಲಿ ನೆನೆಯಬೇಕು.

ಅದಕ್ಕಿಂತ ಕಠಿಣವಾದದ್ದು ಹಳೆಯ ಕಡತಗಳ ಪ್ರಶ್ನೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಎರಡೂ ವಿಂಡೋಸ್ ತಂತ್ರಾಂಶಗಳು. ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದಿಟ್ಟ ಪತ್ರ, ಪ್ರಬಂಧ, ಆದೇಶಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿದ್ದವು. ಎಷ್ಟೋ ಕಚೇರಿ, ಮುದ್ರಣಾಲಯಗಳಿಗೆ ಬೇರೆ ಓಎಸ್ ಎಂಬ ಆಯ್ಕೆಯೇ ಇಲ್ಲದಾಗಿದ್ದು ಇದರಿಂದ. ಲಿನಕ್ಸ್ ಕಷ್ಟವೆಂದು ಜನ ಬಿಟ್ಟರು ಎಂದು ಈಗ ಸಲೀಸಾಗಿ ಬರೆಯುವವರು ಈ ಕಾರಣವನ್ನು ಗಮನಿಸಿಯೇ ಇಲ್ಲ.

ಬೆಂಗಳೂರು ಆಗ ಲಿನಕ್ಸ್ ಚಟುವಟಿಕೆಯ ನಡುಮನೆಯಾಗಿತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾದ ಸಮಾವೇಶ ಮುಂದೆ ಫಾಸ್.ಇನ್ ಆಗಿ 2012ರವರೆಗೆ ನಡೆಯಿತು. 2011ರ ಏಪ್ರಿಲ್ ಮೊದಲ ವಾರ, ಗ್ನೋಮ್ 3 ಬಿಡುಗಡೆಗೆ ಕೆಲವೇ ದಿನಗಳಿದ್ದಾಗ, ಗ್ನೋಮ್ ಏಷ್ಯಾ ಶೃಂಗಸಭೆ ಸೇರಿದ್ದೂ ಬೆಂಗಳೂರಿನಲ್ಲೇ. ದೊಡ್ಡ ಗುಂಡಿಗಳು, ಪೂರ್ಣ ಪರದೆಯ ಮೆನು, ಬೆರಳಿಗೆ ಒಗ್ಗುವ ವಿನ್ಯಾಸ ಇವೆಲ್ಲ ಲಿನಕ್ಸ್ ಡೆಸ್ಕ್‌ಟಾಪಿಗೆ ಬಂದದ್ದು ಗ್ನೋಮ್ 3 ಮತ್ತು ಉಬುಂಟುವಿನ ಯೂನಿಟಿಯ ಮೂಲಕ. ಆಗ ಬೈಯಿಸಿಕೊಂಡ ಆ ವಿನ್ಯಾಸವೇ ಇಂದು ಟಚ್ ಪರದೆಯ ಲ್ಯಾಪ್‌ಟಾಪ್‌ಗಳಲ್ಲಿ ಕೈಹಿಡಿಯುತ್ತಿದೆ.

ಬೆರಳಿನ ಕಂಪ್ಯೂಟರಿನ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯವರ ಜತೆಗೂಡಿ ರೂಪಿಸಿದ ಸಿಂಪ್ಯೂಟರ್, ಐಪ್ಯಾಡ್‌ಗಿಂತ ವರ್ಷಗಳ ಮೊದಲೇ ಅಂಗೈ ಮೇಲೆ ಲಿನಕ್ಸ್ ನಡೆಸಿತು. ಕಡ್ಡಿಯಿಂದ ಪರದೆ ಮುಟ್ಟಿ ಬಳಸುವ ಯಂತ್ರ ಅದು. ಸ್ಮಾರ್ಟ್‌ಕಾರ್ಡ್ ಹಾಕಿದರೆ ಒಂದೇ ಸಾಧನವನ್ನು ಹಲವರು ತಮ್ಮದೆಂಬಂತೆ ಬಳಸಬಹುದಿತ್ತು. ಪಠ್ಯವನ್ನು ಓದಿ ಹೇಳುವ ಧ್ವನಿ ತಂತ್ರಾಂಶ ಹುಟ್ಟಿದ್ದೂ ಆ ಬಳಗದಲ್ಲೇ. ಅಕ್ಷರ ಬಾರದವರನ್ನೂ ಮನಸ್ಸಿನಲ್ಲಿಟ್ಟು ಓಎಸ್ ಕಟ್ಟಬೇಕೆಂಬ ಆ ಯೋಚನೆ ಮುಂದಿನ ಯಾವ ಟ್ಯಾಬ್ಲೆಟ್ ವಿಮರ್ಶೆಯಲ್ಲೂ ಮಾನದಂಡವಾಗಲಿಲ್ಲ.

ನಿಜವಾದ ಟ್ಯಾಬ್ಲೆಟ್ ಯುಗದಲ್ಲಿ ಪರೀಕ್ಷೆ ಬಲು ಕಷ್ಟವಾಯಿತು. 2011ರ ಆಗಸ್ಟ್‌ನಲ್ಲಿ ಎಚ್‌ಪಿ ತನ್ನ ಟಚ್‌ಪ್ಯಾಡ್ ಟ್ಯಾಬ್ಲೆಟ್ ಕೈಬಿಟ್ಟು 99 ಡಾಲರಿಗೆ ಮಾರಿದಾಗ, ಉತ್ಸಾಹಿಗಳು ಕೆಲವೇ ತಿಂಗಳಲ್ಲಿ ಅದಕ್ಕೆ ಸೈನೋಜೆನ್‌ಮಾಡ್ ಆಂಡ್ರಾಯ್ಡ್ ಕೂರಿಸಿದರು. ಮೂಲ ವೆಬ್‌ಓಎಸ್ ಅಳಿಸದೆಯೇ ಎರಡನ್ನೂ ಇಟ್ಟುಕೊಳ್ಳಬಹುದಿತ್ತು. ಟ್ಯಾಬ್ಲೆಟ್‌ನಲ್ಲಿ ಅಷ್ಟು ನಿರಾಳವಾದ ಪರೀಕ್ಷೆ ಆಮೇಲೆ ಕಂಡದ್ದು ಅಪರೂಪ. ಮರುವರ್ಷ ವಿಂಡೋಸ್ 8 ಜತೆ, ಮಾನ್ಯ ಡಿಜಿಟಲ್ ಸಹಿಯಿಲ್ಲದ ಓಎಸ್ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಬಂತು. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಬಳಕೆದಾರ ಅದನ್ನು ನಿಷ್ಕ್ರಿಯಗೊಳಿಸಲು ಅವಕಾಶವಿರಬೇಕೆಂದು ಮೈಕ್ರೋಸಾಫ್ಟ್‌ನ ನಿಯಮ ಹೇಳಿತು, ಆರ್ಮ್ ಟ್ಯಾಬ್ಲೆಟ್‌ಗಳಲ್ಲಿ ಹಾಗೆ ಮಾಡಲು ಬರಲೇಬಾರದೆಂದಿತು. ಮ್ಯಾಥ್ಯೂ ಗ್ಯಾರೆಟ್ ಬರೆದ ಶಿಮ್ ಎಂಬ ಪುಟ್ಟ ತಂತ್ರಾಂಶ ಲ್ಯಾಪ್‌ಟಾಪಿನ ಬಾಗಿಲು ತೆರೆದಿಟ್ಟಿತು. ಆರ್ಮ್ ಟ್ಯಾಬ್ಲೆಟ್‌ನ ಬಾಗಿಲು ಮುಚ್ಚಿತು.

ಅದೇ ಕಾಲದ ಅಗ್ಗದ ಇಂಟೆಲ್ ಆಟಮ್ ಟ್ಯಾಬ್ಲೆಟ್‌ಗಳದು ಇನ್ನೊಂದು ಪಾಡು. ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ ಮಾತ್ರ 32 ಬಿಟ್. ಸಾಮಾನ್ಯ ಪೆನ್‌ಡ್ರೈವ್ ಇಮೇಜ್ ಅದರಲ್ಲಿ ಬೂಟ್ ಆಗುತ್ತಲೇ ಇರಲಿಲ್ಲ. ಹೇಗೋ ಆದರೂ ವೈಫೈ ಇಲ್ಲ, ಸದ್ದಿಲ್ಲ. ಅವುಗಳಲ್ಲಿ ಹೆಚ್ಚಾಗಿದ್ದ ರಿಯಲ್‌ಟೆಕ್ ವೈಫೈ ಚಿಪ್‌ನ ಡ್ರೈವರ್ ಲಿನಕ್ಸ್ ಕರ್ನೆಲ್ ಸೇರಿದ್ದು 2017ರ 4.12 ಆವೃತ್ತಿಯಲ್ಲಿ. ಹಾನ್ಸ್ ಡಿ ಗೂಡ್ ಅವರಂಥ ಡೆವಲಪರ್‌ಗಳು ಒಂದೊಂದೇ ಯಂತ್ರ ಹಿಡಿದು ಟಚ್, ಸದ್ದು, ಬ್ಯಾಟರಿ ಸರಿಪಡಿಸಿದ ಕೆಲಸಕ್ಕೆ ಯಾವ ಪತ್ರಿಕೆಯೂ ಮುಖಪುಟ ಕೊಡಲಿಲ್ಲ. ಮೈಕ್ರೋಸಾಫ್ಟ್‌ನ ಸರ್ಫೇಸ್ ಸಾಧನಗಳಿಗಾಗಿ ಲಿನಕ್ಸ್-ಸರ್ಫೇಸ್ ಬಳಗ ಮಾಡುತ್ತಿರುವುದೂ ಅದೇ ಬಗೆಯ ದುಡಿಮೆ.

2013ರಲ್ಲಿ ನೆಕ್ಸಸ್ 7, ನೆಕ್ಸಸ್ 10ರ ಮೇಲೆ ಉಬುಂಟು ಟಚ್‌ನ ಮುನ್ನೋಟ ಬಂತು, 2016ರಲ್ಲಿ ಬಿಕ್ಯೂ ಕಂಪನಿಯ ಎಂ10 ಟ್ಯಾಬ್ಲೆಟ್ ಉಬುಂಟು ಹೊತ್ತೇ ಮಾರುಕಟ್ಟೆಗೆ ಇಳಿಯಿತು. 2017ರಲ್ಲಿ ಕೆನಾನಿಕಲ್ ಕೈಚೆಲ್ಲಿತು. ಯುಬಿಪೋರ್ಟ್ಸ್ ಸಮುದಾಯ ಅದನ್ನು ಎತ್ತಿಕೊಂಡು ಇಂದಿಗೂ ನಡೆಸುತ್ತಿದೆ. ಪೋಸ್ಟ್‌ಮಾರ್ಕೆಟ್‌ಓಎಸ್, ಪೈನ್‌ಟ್ಯಾಬ್, ಪ್ಲಾಸ್ಮಾ ಮೊಬೈಲ್ ಎಲ್ಲವೂ ಜೀವಂತವಾಗಿವೆ. ಅಂಗಡಿಯಲ್ಲಿ ಸಿಗುವ ಬಹುತೇಕ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಮಾತ್ರ ಪರೀಕ್ಷೆ ಎಂದರೆ ಬೂಟ್‌ಲೋಡರ್ ಬಿಚ್ಚಿ, ಒಳಗಿನ ಮಾಹಿತಿಯನ್ನೆಲ್ಲ ಅಳಿಸುವುದೇ ಆಗಿದೆ. ಇನ್‌ಸ್ಟಾಲ್ ಮಾಡುವ ಮುನ್ನ ನೋಡುವ ಹಕ್ಕು 2000ದಲ್ಲೇ ಡೆಸ್ಕ್‌ಟಾಪಿಗೆ ಬಂದಿತ್ತು. ಇಂಥ ಟ್ಯಾಬ್ಲೆಟ್‌ಗಳಿಗೆ ಅದು ಇನ್ನೂ ಬಂದಿಲ್ಲ.

ಲ್ಯಾಪ್‌ಟಾಪಿನಲ್ಲೂ ಆ ಹಕ್ಕು ಈಗ ಸಡಿಲಗೊಳ್ಳುತ್ತಿದೆ. ಆಪಲ್‌ನ ಎಂ ಸರಣಿಯ ಯಂತ್ರಗಳಿಗೆ ಲಿನಕ್ಸ್ ತಂದ ಅಸಾಹಿ ಯೋಜನೆ ಈ ದಶಕದ ದೊಡ್ಡ ಸಾಧನೆ. ಆದರೆ ಅಲ್ಲಿ ಪೆನ್‌ಡ್ರೈವ್ ಹಾಕಿ ನೋಡುವ ಸರಳ ದಾರಿಯಿಲ್ಲ, ಮ್ಯಾಕ್‌ಓಎಸ್‌ನಿಂದಲೇ ಜಾಗ ಬಿಡಿಸಿ ಇನ್‌ಸ್ಟಾಲ್ ಮಾಡಬೇಕು. ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳಿಗೆ ಒಂದೊಂದು ಮಾದರಿಗೂ ಅದರ ಯಂತ್ರಾಂಶವನ್ನು ವಿವರಿಸುವ ಪ್ರತ್ಯೇಕ ಕಡತ ಬೇಕು. ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ 2022ರಿಂದ ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಪೆನ್‌ಡ್ರೈವಿನಿಂದ ನಡೆಯುತ್ತದೆ. ನಾಪರ್ ಹಾಕಿಕೊಟ್ಟ ಕ್ರಮವನ್ನು ದೊಡ್ಡ ಕಂಪನಿಯೊಂದು ಒಪ್ಪಿಕೊಂಡಿರುವುದು ಸಂತೋಷದ ಸಂಗತಿ.

ಕನ್ನಡದ ಮಟ್ಟಿಗೆ ಮುಖ್ಯ ಕೊರತೆ ಇರುವುದು ಟಚ್ ಪರದೆಯಲ್ಲಿ. ಐಬಸ್, ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳಿಂದಾಗಿ ಭೌತಿಕ ಕೀಲಿಮಣೆಯಲ್ಲಿ ಇನ್‌ಸ್ಕ್ರಿಪ್ಟ್, ಕೆಜಿಪಿ, ಐಟ್ರಾನ್ಸ್ ಮೂರೂ ವಿನ್ಯಾಸಗಳು ಸಿಗುತ್ತವೆ. ಕೀಲಿಮಣೆ ಕಳಚಿಟ್ಟು ಪರದೆಯ ಮೇಲಿನ ಕೀಲಿಗಳನ್ನು ಒತ್ತಿದಾಗ ಆ ವಿನ್ಯಾಸಗಳು ಜತೆಗೆ ಬರುತ್ತವೆ ಎಂಬ ಭರವಸೆಯಿಲ್ಲ. ಇಂಗ್ಲಿಷ್ ವಿಮರ್ಶಕರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಕನ್ನಡದಲ್ಲಿ ಹೊಸ ಓಎಸ್‌ಗಳನ್ನು ಪರಿಚಯಿಸುವವರು ಇನ್ನು ಮುಂದಾದರೂ ಪರದೆಯ ಕೀಲಿಮಣೆಯಲ್ಲೇ ಒಂದು ಪುಟ ಕನ್ನಡ ಟೈಪ್ ಮಾಡಿ, ಹಳೆಯ ನುಡಿ ಕಡತವೊಂದನ್ನು ತೆರೆದು, ಏನಾಯಿತೆಂದು ತಮ್ಮ ವಿಮರ್ಶೆಯಲ್ಲಿ ಬರೆಯಲಿ. ಎಡವಟ್ಟು ಕಂಡಲ್ಲಿ ಆ ಯೋಜನೆಗೆ ದೋಷವರದಿಯನ್ನೂ ಕಳಿಸಲಿ.