ತಡೆ ಒಂದೇ, ಕಾಲಂ ಎರಡು

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಕ್ಕೆ ಕಾಲಿಟ್ಟರು. ಊರಿನ ಸವರ್ಣೀಯರು ದಂಡ ಹಾಕಿದರು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನ ದಲಿತರು ಗುಡಿಯೊಳಕ್ಕೆ ಹೋಗಿದ್ದು ಅಧಿಕಾರಿಗಳು, ಪೊಲೀಸರ ಸಮ್ಮುಖದಲ್ಲಿ. ಎರಡೂ ಕಡೆ ತಡೆ ಒಂದೇ. ಆದರೆ ಸರ್ಕಾರದ ಅಪರಾಧದ ಲೆಕ್ಕದಲ್ಲಿ ಈ ಎರಡು ಕಾಲದ ತಡೆಗಳಿಗೆ ಒಂದೇ ಹೆಸರಿಲ್ಲ. ಯಾಕೆ?

1860ರ ಭಾರತೀಯ ದಂಡ ಸಂಹಿತೆಗೆ ಏಟು ಗೊತ್ತಿತ್ತು, ಕಳವು ಗೊತ್ತಿತ್ತು. ಜಾತಿಯ ಏಟು ಗೊತ್ತಿರಲಿಲ್ಲ. ಗುಡಿ, ಬಾವಿ, ಹೋಟೆಲಿನಿಂದ ಹೊರಗಿಡುವುದು ದೇಶಕ್ಕೆಲ್ಲ ಅಪರಾಧವಾದದ್ದು 1955ರ ಕಾಯ್ದೆಯಿಂದ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆ ಹೊಲಸು ತಿನ್ನಿಸುವುದನ್ನು, ಬೆತ್ತಲೆ ಮೆರವಣಿಗೆಯನ್ನು, ಜಮೀನು ಕಸಿಯುವುದನ್ನು ದೌರ್ಜನ್ಯವೆಂದಿತು. ಗುಡಿಯ ಬಾಗಿಲಿಗೆ ಅಡ್ಡ ನಿಲ್ಲುವುದು, ಸಾಮಾಜಿಕ ಬಹಿಷ್ಕಾರ ಆ ಪಟ್ಟಿಗೆ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಜಾರಿಯಾದದ್ದು 2016ರ ಜನವರಿ 26ರಂದು.

ಅಂದರೆ ಆ ದಿನಕ್ಕೆ ಮುಂಚಿನ ತಡೆ 1955ರ ಕಾಯ್ದೆಯ ಕಾಲಮಿಗೆ; ಆಮೇಲಿನದು ದೌರ್ಜನ್ಯದ ಕಾಲಮಿಗೂ ಬರಬಹುದು. ಹೀಗೆ ಅಂಕಿ ಏರಿದರೆ 'ದಲಿತರು ಸುಳ್ಳು ಕೇಸು ಹಾಕ್ತಾರೆ' ಅನ್ನುವವರಿದ್ದಾರೆ. ಇಳಿದರೆ 'ಈಗ ಜಾತಿ ಎಲ್ಲೈತೆ?' ಅಂತಾರೆ. ಅಪರಾಧದ ವ್ಯಾಖ್ಯೆ ಬದಲಾಯಿತೇ ಎಂದು ಕೇಳುವವರು ಕಡಿಮೆ.

ವ್ಯಾಖ್ಯೆಯ ಒಂದೊಂದು ಪದವೂ ಜರಡಿಯ ಕಣ್ಣು. ಜಾತಿ ನಿಂದನೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರಿಲ್ಲದಾಗ ಆಡಿದ ಬೈಗುಳ ಆ ಸೆಕ್ಷನ್ನಿಗೆ ಬರದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅರಕಲಗೂಡು ಸೀಮೆಯ ತಂಬಾಕು ಬ್ಯಾರನ್ನಿನೊಳಗೆ ಒಂಟಿ ಕೂಲಿಯಾಳು ಬೈಸಿಕೊಂಡರೆ ಅದು ಜರಡಿಯಿಂದ ಸೋರಿಹೋಗುತ್ತದೆ.

1986ರಲ್ಲಿ ಹುಟ್ಟಿದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ಠಾಣೆ ಬರೆದುಕೊಂಡದ್ದನ್ನು ಮಾತ್ರ. ಒಂದೇ ಎಫ್‌ಐಆರಿನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದ ಒಂದೇ ಲೆಕ್ಕಕ್ಕೆ. ಠಾಣೆಯಲ್ಲಿ ಬರೀ 'ಹೊಡೆದಾಟ' ಎಂದು ಬರೆದರೆ ಹಾಸನದ ಕಚೇರಿಯಲ್ಲಿ ಅಂಕಿ ಕೂಡಿಸುವವನಿಗೆ ಜಾತಿ ಕಾಣುವುದೇ ಇಲ್ಲ. ಊರ ಪಂಚಾಯ್ತಿಯಲ್ಲಿ ರಾಜಿಯಾದರೆ ಹೊಡೆದಾಟವೂ ಇಲ್ಲ. ಇಂಗ್ಲೆಂಡಿನಲ್ಲಿ 1982ರಿಂದ ಆಯ್ದ ಮನೆಗಳಿಗೆ ಹೋಗಿ, ದೂರು ಕೊಟ್ಟಿರಲಿ ಬಿಡಲಿ, 'ನಿಮಗೇನಾಯ್ತು?' ಎಂದು ಕೇಳುವ ಸಮೀಕ್ಷೆ ಇದೆ. ನಮ್ಮ ಕೇರಿಗಳಿಗೆ ಬಂದು ಹಾಗೆ ಕೇಳುವವರು ಯಾರು?

ಗೆಳೆಯರೆ, ಮೇಷ್ಟ್ರುಗಳೆ, ಅಂಕಿ ಓದುವ ಮುಂಚೆ ಕಾಲಮಿನ ತಲೆಬರಹ ಓದಿ. ದೂರು ಕೊಡುವಾಗ ಯಾವ ಸೆಕ್ಷನ್ ಹಾಕಿದರೆಂದು ನೋಡಿ; ಎಫ್‌ಐಆರಿನ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಠಾಣೆ ಬರೆದುಕೊಳ್ಳದ್ದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ದಿನ, ಯಾವ ಬಾಗಿಲು, ಎಷ್ಟು ದಂಡ.