ಕುದುರೆಯ ರಕ್ತವನ್ನು ಓದುವ ವಿದ್ಯೆ

ವಿಜಯನಗರಕ್ಕೆ ಹೊಂದಿಕೊಂಡಿರುವ ನಮ್ಮ ಆರ್‌ಪಿಸಿ ಲೇಔಟಿನಲ್ಲಿ ಈಗ ಕುದುರೆ ಕಾಣಸಿಗುವುದು ಮದುವೆಯ ಮೆರವಣಿಗೆಯಲ್ಲಿ ಮಾತ್ರ. ಅಂಥದೊಂದು ಮೆರವಣಿಗೆಗೆ ಬರಬೇಕಿದ್ದ ಬಿಳಿ ಹೆಣ್ಣು ಕುದುರೆ ಒಮ್ಮೆ ಬರಲೇ ಇಲ್ಲ. ವಿಚಾರಿಸಲು ಹೋದಾಗ ಅದನ್ನು ಸಾಕಿದ ಹಿರಿಯ ಸಾಹೇಬರು ಒಂದು ಕಾಗದವನ್ನು ನಮ್ಮ ಕೈಗಿತ್ತರು. "ಎರಡು ದಿನದಿಂದ ಮೇವು ಮುಟ್ಟಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ. ಕಾಮಾಲೆಯಂತೆ, ಉಳಿಯೋದು ಕಷ್ಟವಂತೆ. ಸಿಕ್ಕಿದಷ್ಟಕ್ಕೆ ಕೊಟ್ಟುಬಿಡು ಅಂತಿದ್ದಾರೆ" ಎಂದರು. ಅವರ ಮನೆ ನಡೆಯುವುದು ಆ ಒಂದು ಪ್ರಾಣಿಯ ದುಡಿಮೆಯಿಂದ.

ಕಾಗದದಲ್ಲಿ ಬಿಲಿರುಬಿನ್ ಎಂಬ ಸಾಲಿನ ಮುಂದೆ 4.8 ಎಂದಿತ್ತು. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 1.2. ಆದರೆ ಅದು ಮನುಷ್ಯರ ರಕ್ತ ಪರೀಕ್ಷಿಸುವ ಪ್ರಯೋಗಾಲಯ. ಆ ಮಿತಿಯೂ ಮನುಷ್ಯರದೇ. ಕುದುರೆಯ ರಕ್ತವನ್ನು ಕುದುರೆಯ ರಕ್ತವಾಗಿ ಓದಲು ನಾವು ಯಾವಾಗ ಕಲಿತೆವು, ಹೇಗೆ ಕಲಿತೆವು ಎಂಬ ಪ್ರಶ್ನೆ ನಮ್ಮನ್ನು ಕಾಡಿದ್ದು ಆಗ.

ಈ ವಿದ್ಯೆಯ ಬೇರು ನಮ್ಮ ನಾಡಿನಲ್ಲಿ ಆಳವಾಗಿದೆ. ಕುದುರೆಯ ವೈದ್ಯನಿಗೆ ಉರ್ದು ಮತ್ತು ಹಿಂದಿಯಲ್ಲಿ 'ಸಾಲೋತ್ರಿ' ಎನ್ನುತ್ತಾರೆ. ಅದು ಅಶ್ವಶಾಸ್ತ್ರ ಬರೆದನೆಂದು ಹೇಳಲಾಗುವ ಶಾಲಿಹೋತ್ರ ಋಷಿಯ ಹೆಸರಿನಿಂದ ಬಂದ ಪದ. ಆ ಸಂಸ್ಕೃತ ಶಾಸ್ತ್ರವನ್ನು ಬಹಮನಿ ಅರಸ ಅಹ್ಮದ್ ಷಾ ವಲಿಯ ಅಪೇಕ್ಷೆಯಂತೆ ಅಬ್ದುಲ್ಲಾ ಬಿನ್ ಸಫೀ ಎಂಬ ವಿದ್ವಾಂಸ ಪಾರಸಿಗೆ ತಂದ. ಇದು 15ನೆಯ ಶತಮಾನದ ಮಾತು, ನಮ್ಮ ಕಲಬುರಗಿ ಸೀಮೆಯ ಮಾತು. ಅದಕ್ಕೂ ಮುಂಚೆ, 14ನೆಯ ಶತಮಾನದಲ್ಲಿ, ಕೈರೋದ ಸುಲ್ತಾನ ಅಲ್ ನಾಸಿರ್ ಮುಹಮ್ಮದನ ಲಾಯದ ಮುಖ್ಯ ವೈದ್ಯ ಅಬೂಬಕ್ರ್ ಬಿನ್ ಬದ್ರ್ ಅಶ್ವವೈದ್ಯದ ಬಗ್ಗೆ ದೊಡ್ಡ ಗ್ರಂಥವನ್ನೇ ರಚಿಸಿದ್ದ. ಋಷಿಯ ಶಾಸ್ತ್ರ ಪಾರಸಿಗೆ ಬಂದು ಸುಲ್ತಾನರ ಲಾಯ ಸೇರಿತು. ಋಷಿಯ ಹೆಸರು ವೈದ್ಯನ ಕಸುಬಿನ ಹೆಸರಾಯಿತು. ಕುದುರೆಗೆ ಲಾಳ ಹೊಡೆಯುವವರ 'ನಾಲಬಂದ' ಎಂಬ ಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ.

ಆ ಹಿಂದಿನ ವೈದ್ಯರು ಕುದುರೆಯ ಕಣ್ಣು, ಬಾಯಿ, ಉಸಿರು, ಲದ್ದಿ ಮತ್ತು ನಡಿಗೆಯನ್ನು ನೋಡಿ ರೋಗವನ್ನು ಹೇಳುತ್ತಿದ್ದರು. ರಕ್ತವನ್ನೂ ತೆಗೆಯುತ್ತಿದ್ದರು. ಆದರೆ ಅದು ಚಿಕಿತ್ಸೆಗೆಂದು ತೆಗೆದು ಚೆಲ್ಲುವ ರಕ್ತ. ಅದರೊಳಗೆ ಏನಿದೆ ಎಂದು ನೋಡುವ ಸಾಧನ ಅವರ ಬಳಿ ಇರಲಿಲ್ಲ.

ಆ ಬಾಗಿಲು ತೆರೆದದ್ದು 1880ರಲ್ಲಿ, ಇಂದಿನ ಪಾಕಿಸ್ತಾನದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ. ಅಲ್ಲಿ 'ಸರ್ರಾ' ಎಂಬ ರೋಗದಿಂದ ಕುದುರೆಗಳೂ ಒಂಟೆಗಳೂ ಸೊರಗಿ ಸಾಯುತ್ತಿದ್ದವು. ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ ರೋಗಿ ಕುದುರೆಯ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಹಾವಿನಂತೆ ಹೊರಳುವ ಸೂಕ್ಷ್ಮ ಜೀವಿಗಳು ಕಂಡವು. ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಸೇರಿಸಿದಾಗ ಅವಕ್ಕೂ ರೋಗ ಬಂತು. ಆ ಜೀವಿಗಳು ನಿರುಪದ್ರವಿಗಳೆಂದು ನಂಬಿದ್ದವರು ಅವನ ಮಾತನ್ನು ಕೂಡಲೇ ಒಪ್ಪಲಿಲ್ಲ. ಇಂದು ಆ ಪರೋಪಜೀವಿಗೆ ಅವನದೇ ಹೆಸರಿದೆ: ಟ್ರಿಪನೊಸೋಮಾ ಇವಾನ್ಸಿ.

ಸರ್ರಾ ಇನ್ನೊಂದು ಪಾಠವನ್ನೂ ಕಲಿಸಿತು. ಆ ಜೀವಿಗಳು ಜ್ವರ ಏರಿದ ದಿನ ರಕ್ತದಲ್ಲಿ ತುಂಬಿಕೊಳ್ಳುತ್ತವೆ, ಜ್ವರ ಇಳಿದ ದಿನ ಹುಡುಕಿದರೂ ಸಿಗದಿರಬಹುದು. ಒಂದು ದಿನದ ಹನಿಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಅರ್ಥವಲ್ಲ.

ಮುಂದೆ ಈ ವಿದ್ಯೆ ದಂಡಿನ ಲಾಯಗಳಲ್ಲೂ ಜೂಜುಕುದುರೆಗಳ ಲಾಯಗಳಲ್ಲೂ ಬೆಳೆಯಿತು. ಕರ್ನಾಟಕಕ್ಕೂ ಕುದುರೆಯ ನಂಟು ಹಳೆಯದು. ಕುಣಿಗಲ್ಲಿನ ಕುದುರೆ ಫಾರಂ ಹೈದರ್ ಮತ್ತು ಟಿಪ್ಪುವಿನ ಕಾಲದಿಂದ ಬಂದದ್ದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೆ ಜಟಕಾ ಎಳೆದ ಕುದುರೆಗೆ ಈ ಜ್ಞಾನದ ಪಾಲು ದೊರೆತದ್ದು ಕಡಿಮೆಯೇ.

ಕುದುರೆಯ ರಕ್ತ ಮನುಷ್ಯರ ರಕ್ತದಂತೆ ಮಾತನಾಡುವುದಿಲ್ಲ. ಅದರ ಗುಲ್ಮ, ಅಂದರೆ ಸ್ಪ್ಲೀನ್, ಕೆಂಪು ಕಣಗಳ ದೊಡ್ಡ ಉಗ್ರಾಣ. ಸೂಜಿ ಕಂಡು ಬೆದರಿದರೂ ಸಾಕು, ಗುಲ್ಮ ಕುಗ್ಗಿ ಕಣಗಳನ್ನು ರಕ್ತಕ್ಕೆ ತಳ್ಳುತ್ತದೆ. ಕೆಂಪು ಕಣಗಳ ಪ್ರಮಾಣ ಶೇ. 40 ಇದ್ದದ್ದು ಓಟದ ನಂತರ 60ನ್ನೂ ದಾಟಬಹುದು. ಹೀಗಾಗಿ ರಕ್ತಹೀನತೆ ಇರುವ ಕುದುರೆಯೂ ಬೆದರಿದ ಗಳಿಗೆಯಲ್ಲಿ ಆರೋಗ್ಯವಾಗಿರುವಂತೆ ತೋರಬಹುದು. ನೀರಿನ ಕೊರತೆಯಿಂದಲೂ ಈ ಅಂಕಿ ಏರುತ್ತದೆ. ಆದರೆ ಆಗ ರಕ್ತದ ಪ್ರೋಟೀನ್ ಕೂಡ ಸಾಮಾನ್ಯವಾಗಿ ಜೊತೆಗೇ ಏರುತ್ತದೆ. ಅದಕ್ಕೇ ವೈದ್ಯರು ಎರಡನ್ನೂ ಜೋಡಿಯಾಗಿ ಓದುತ್ತಾರೆ.

ಇನ್ನೊಂದು ವಿಚಿತ್ರವಿದೆ. ರಕ್ತ ಕಳೆದುಕೊಂಡ ಮನುಷ್ಯನ ದೇಹ ಎಳೆಯ ಕೆಂಪು ಕಣಗಳನ್ನು ರಕ್ತಕ್ಕೆ ಬಿಡುತ್ತದೆ, ಅವನ್ನು ಎಣಿಸಿ ಚೇತರಿಕೆಯನ್ನು ಅಳೆಯಬಹುದು. ಕುದುರೆಯಾದರೋ ಅವು ಬಲಿಯುವವರೆಗೂ ಮೂಳೆಯ ಮಜ್ಜೆಯಲ್ಲೇ ಇಟ್ಟುಕೊಳ್ಳುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸದೆ ಚೇತರಿಕೆ ತಿಳಿಯುವುದು ಕಷ್ಟ. ಸ್ನಾಯು ಹಿಡಿದ ಕುದುರೆಯಲ್ಲಿ ಸಿ.ಕೆ. ಎಂಬ ಕಿಣ್ವ ಕೆಲವೇ ಗಂಟೆಗಳಲ್ಲಿ ಏರಿ ಬೇಗ ಇಳಿಯುತ್ತದೆ. ಎ.ಎಸ್.ಟಿ. ಎಂಬುದು ತಡವಾಗಿ ಏರಿ ಬಹಳ ದಿನ ಉಳಿಯುತ್ತದೆ. ಎರಡನ್ನೂ ನೋಡಿದರೆ ಪೆಟ್ಟು ಇಂದಿನದೋ ಹಳೆಯದೋ ಎಂದು ತಿಳಿಯುತ್ತದೆ. ಎ.ಎಸ್.ಟಿ. ಒಂದನ್ನೇ ನೋಡಿದವರು ಅದನ್ನು ಯಕೃತ್ತಿನ ರೋಗವೆಂದು ಎಣಿಸಿ ಮೋಸಹೋಗಬಹುದು.

ಈ ಓದಿನಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಗ್ಲಾಂಡರ್ಸ್ ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. 1899ರಲ್ಲೇ ಅದಕ್ಕೆ ಪ್ರತ್ಯೇಕ ಕಾಯಿದೆ ಬಂದಿತ್ತು. ರೋಗ ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕು. ಆದ್ದರಿಂದಲೇ ರಕ್ತದ ಮಾದರಿಯನ್ನು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವ ಕ್ರಮವಿದೆ. ಊರಿನ ಆರೋಗ್ಯ ಕಾಯಬೇಕು, ನಿಜ. ಆದರೆ ಅವಸರದ ಓದಿಗೆ ಒಬ್ಬ ಬಡವನ ಅನ್ನ ಬಲಿಯಾಗಬಾರದು.

ಈಗ ಸಾಹೇಬರ ಕುದುರೆಯ ವಿಷಯಕ್ಕೆ ಬರೋಣ. ಕುದುರೆಯ ಬಿಲಿರುಬಿನ್ ಆರೋಗ್ಯದಲ್ಲಿದ್ದಾಗಲೂ ಮನುಷ್ಯರಿಗಿಂತ ಹೆಚ್ಚೇ ಇರುತ್ತದೆ. ಒಂದೆರಡು ದಿನ ಉಪವಾಸ ಬಿದ್ದರೆ, ಯಕೃತ್ತಿಗೆ ಏನೂ ಆಗದಿದ್ದರೂ, ಎರಡು ಮೂರು ಪಟ್ಟು ಏರಬಹುದು. ಎಂದರೆ ಕಾಮಾಲೆಯಿಂದ ಮೇವು ಬಿಟ್ಟದ್ದಲ್ಲ, ಮೇವು ಬಿಟ್ಟದ್ದರಿಂದ ಆ ಅಂಕಿ ಏರಿರಬಹುದು. ಪಶುವೈದ್ಯರು ಬಂದು ಕಾಗದ ನೋಡಿದರು, ಯಕೃತ್ತಿನ ಉಳಿದ ಅಂಕಿಗಳು ಸರಿಯಿದ್ದವು. ಕಾಗದವನ್ನು ಬದಿಗಿಟ್ಟು ಕುದುರೆಯ ಬಾಯಿ ತೆರೆಸಿದರು. ದವಡೆ ಹಲ್ಲಿನ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಭಾಗವನ್ನು ಹರಿದಿತ್ತು. ನೋವಿಗೆ ಅದು ಮೇವು ಬಿಟ್ಟಿತ್ತು. ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡಿದರು. ಮೂರನೆಯ ದಿನ ಕುದುರೆ ಹುಲ್ಲು ಮೆಲ್ಲುತ್ತಿತ್ತು.

ಬಾಯಿ ನೋಡು ಎಂದು ಹಳೆಯ ಸಾಲೋತ್ರಿಯೂ ಹೇಳುತ್ತಿದ್ದ. ರಕ್ತ ಪರೀಕ್ಷೆ ಅವನ ಕಣ್ಣಿಗೆ ಕಾಣದ್ದನ್ನು ನಮಗೆ ತೋರಿಸಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕಾಗದವನ್ನು ಓದುವ ಮೊದಲು ಕುದುರೆಯನ್ನು ಓದಬೇಕು.